ಅಟ್ಟದ ಮೇಲಣ ಕುಂಬಳಕಾಯಿ

ತರಕಾರಿಗಳ ಲೋಕದಲ್ಲಿಯೂ ಮಾನಾಪಮಾನಗಳ ತಾರತಮ್ಯವುಂಟು. ಬದನೆಕಾಯಿಗೆ ರಸಿಕರ ಬೆಂಬಲವಿದೆ; ಹಾಗಲಕಾಯಿಗೆ ವೈದ್ಯರ ಆಶ್ರಯವಿದೆ; ತೊಂಡೆಕಾಯಿಗೆ ಮದುವೆಯ ಪಂಕ್ತಿಯಲ್ಲಿ ಸ್ಥಾನ ನಿಶ್ಚಿತವಾಗಿದೆ. ಕುಂಬಳಕಾಯಿಯು ಗಾತ್ರದಲ್ಲಿ ಇವೆಲ್ಲಕ್ಕಿಂತ ಹಿರಿದಾದರೂ ಅದಕ್ಕೆ ದೊರೆಯುವ ಮರ್ಯಾದೆ ಅಷ್ಟಕ್ಕಷ್ಟೆ. ದಪ್ಪಗಿರುವ ಹುಡುಗನನ್ನು ಸಹಪಾಠಿಗಳು ಅದರ ಹೆಸರಿನಿಂದ ಕರೆದು ನಗುವರು. ಗಾದೆಯ ಮಾತಿನಲ್ಲಿ ಅದಕ್ಕೆ ಸಿಕ್ಕಿರುವ ಸಂಗಾತಿಯಾದರೂ ಯಾರು? ಕಳ್ಳ! ಮಹಾನವಮಿಯಂದು ಅದರ ಹೊಟ್ಟೆಗೆ ಕುಂಕುಮ ತುಂಬಿ ಬೀದಿಯಲ್ಲಿ ಒಡೆಯುವರು. ಬೆಂಗಳೂರಿನಂತಹ ನಗರಗಳಲ್ಲಿ ಆ ಹೋಳುಗಳ ಮೇಲೆ ಚಕ್ರ ಜಾರಿ ದ್ವಿಚಕ್ರವಾಹನದವರು ಬೀಳುವುದೂ ಉಂಟು. ಆಗಲೂ ಬಿದ್ದವನು ಶಪಿಸುವುದು ಕುಂಬಳಕಾಯಿಯನ್ನೇ ಹೊರತು ಒಡೆದವನನ್ನಲ್ಲ.

ಪ್ರಾಚೀನರು ಇದನ್ನು ಹೀಗೆ ಹಗುರವಾಗಿ ಎಣಿಸಲಿಲ್ಲ. ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಕೂಷ್ಮಾಂಡವನ್ನು ಹೆಸರಿಸಿದ್ದಾನೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ, ಬಳ್ಳಿಯಲ್ಲಿ ಬಿಡುವ ಫಲಗಳಲ್ಲೆಲ್ಲ ಇದೇ ಶ್ರೇಷ್ಠವೆಂದೂ ವಾತಪಿತ್ತಗಳನ್ನು ಗೆಲ್ಲುವುದೆಂದೂ ಹೇಳಿದ್ದಾನೆ. ನವರಾತ್ರಿಯ ನಾಲ್ಕನೆಯ ದಿನದ ದೇವಿಗೆ ಕೂಷ್ಮಾಂಡಾ ಎಂದೇ ಹೆಸರು. ಪ್ರಾಣಿಬಲಿಯನ್ನು ಒಲ್ಲದವರು ಅದಕ್ಕೆ ಪ್ರತಿಯಾಗಿ ಕೂಷ್ಮಾಂಡವನ್ನು ಇರಿಸಿದುದರಿಂದ ಎಷ್ಟು ಮೂಕಪ್ರಾಣಿಗಳ ಕೊರಳು ಉಳಿಯಿತೋ ಲೆಕ್ಕವಿಟ್ಟವರಾರು?

ಆದರೆ ಇಲ್ಲಿ ಒಂದು ವಿವೇಚನೆ ಅವಶ್ಯ. ಶಾಸ್ತ್ರಗಳಲ್ಲಿ ಬರುವ ಕೂಷ್ಮಾಂಡವು ಬೂದುಗುಂಬಳ. ಮೈಮೇಲೆ ವಿಭೂತಿ ಧರಿಸಿದಂತೆ ಬಿಳಿಯ ಹುಡಿ ಹೊತ್ತ, ಒಳಗೆ ಬೆಳ್ಳಗಿರುವ ಕಾಯಿ. ಒಳಗೆ ಹೊಂಬಣ್ಣವಾಗಿ ತುಸು ಸಿಹಿಯಾಗಿರುವ ಮತ್ತೊಂದು ಕುಂಬಳವನ್ನು ಬಯಲುಸೀಮೆಯವರು ಸಿಹಿಗುಂಬಳವೆನ್ನುವರು, ಮಲೆನಾಡಿನವರು ಚೀನಿಕಾಯಿಯೆನ್ನುವರು. ಹೆಸರಿನಲ್ಲಿ ಚೀನವನ್ನು ಹೊತ್ತಿದ್ದರೂ ಅದರ ತವರು ಅಮೆರಿಕ ಖಂಡ. ಮೆಕ್ಸಿಕೋ ದೇಶದ ಓಹಾಕ ಪ್ರಾಂತದ ಗುಹೆಯೊಂದರಲ್ಲಿ ದೊರೆತ ಅದರ ಕುಲದ ಬೀಜಗಳು ಸುಮಾರು 10,000 ವರ್ಷಗಳಷ್ಟು ಹಳೆಯವೆಂದು ಪಂಡಿತರು ನಿರ್ಣಯಿಸಿದ್ದಾರೆ. 1492ರಲ್ಲಿ ಕೊಲಂಬಸನು ಆ ಕಡೆಯ ತೀರವನ್ನು ಮುಟ್ಟಿದ ತರುವಾಯವೇ ಅದು ಸಮುದ್ರ ದಾಟಿ ಈ ಕಡೆಗೆ ಬಂದುದು. ಅಮೆರಿಕದಲ್ಲಿ ಇಂದಿಗೂ ಅಕ್ಟೋಬರ್ ತಿಂಗಳು ಬಂದಿತೆಂದರೆ ಕುಟುಂಬದವರೆಲ್ಲ ಸೇರಿ ಹೊಲಗಳಿಗೆ ಹೋಗಿ ಕುಂಬಳಕಾಯಿಗಳನ್ನು ಆರಿಸಿ ತರುವ ರೂಢಿಯಿದೆ. ಅದೇ ಕಾಲಕ್ಕೆ ಇಲ್ಲಿಯೂ ಶರದೃತು. ಮಲೆನಾಡಿನ ಹಿತ್ತಿಲುಗಳಲ್ಲಿಯೂ ಅದೇ ಕೆಲಸ. ಊರು ಬೇರೆ, ಮಾತು ಬೇರೆ. ಕಾಯಿಯ ಪಂಚಾಂಗ ಒಂದೇ.

ಈ ಕಾಯಿಯ ಸ್ವಭಾವದಲ್ಲಿ ಒಂದು ವಿಶೇಷವುಂಟು. ಇಡಿಯಾಗಿದ್ದರೆ ಅದು ತಿಂಗಳುಗಟ್ಟಲೆ ಕೆಡದು. ಬಲಿತ ಸಿಹಿಗುಂಬಳವು ಗಾಳಿಯಾಡುವ ಒಣ ಸ್ಥಳದಲ್ಲಿ ಎರಡು ಮೂರು ತಿಂಗಳು ಸುಖವಾಗಿರುವುದು. ಬೂದುಗುಂಬಳವು ಅದಕ್ಕಿಂತಲೂ ಹೆಚ್ಚು ಕಾಲ ಬಾಳುವುದು. ಬೂದಿಯಂತೆ ಕಾಣುವುದು ಬೂದಿಯಲ್ಲ; ಕಾಯಿಯೇ ತನ್ನ ಮೈಗೆ ಬಳಿದುಕೊಂಡ ಮೇಣ. ಒಳಗಿನ ನೀರು ಆರದಂತೆ ಅದು ಕಾಯುವುದು. ಆದರೆ ಕತ್ತಿಯ ಬಾಯಿ ಒಮ್ಮೆ ಸೋಕಿತೆಂದರೆ ಎಲ್ಲವೂ ತಲೆಕೆಳಗು. ಎರಡು ಮೂರು ದಿನಗಳೊಳಗೆ ತಿಂದು ಮುಗಿಸಬೇಕು, ಇಲ್ಲವೇ ಹಂಚಬೇಕು. ಆದುದರಿಂದ ಕುಂಬಳಕಾಯಿಯು ಒಂಟಿ ಮನುಷ್ಯನ ಆಹಾರವಲ್ಲ. ಅದನ್ನು ಒಡೆಯಬೇಕಾದರೆ ಮನೆ ತುಂಬಿರಬೇಕು. ಈ ಮಾತಿನ ಅರ್ಥವು ಸಾಗರದ ಸೀಮೆಯ ಒಂದು ಮನೆಯಲ್ಲಿ 2024ರ ಶರತ್ಕಾಲದಲ್ಲಿ ಸ್ಪಷ್ಟವಾಯಿತು.

ಆ ಮನೆಯಲ್ಲಿ ಈಗ ವಾಸವಾಗಿರುವವರು ಇಬ್ಬರೇ. ಯಜಮಾನರಿಗೆ ಎಪ್ಪತ್ತೈದು ದಾಟಿದೆ. ಅವರ ಪತ್ನಿಗೆ ಎಪ್ಪತ್ತರ ಮೇಲೆ ಒಂದೋ ಎರಡೋ. ಒಂದು ಕಾಲಕ್ಕೆ ಹದಿನಾಲ್ಕು ಎಲೆ ಬೀಳುತ್ತಿದ್ದ ಮನೆ. ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥನು. ಸೊಸೆಯು ಆಹಾರಶಾಸ್ತ್ರವನ್ನು ಓದಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಪಥ್ಯಾಹಾರವನ್ನು ಸೂಚಿಸುವ ಕೆಲಸದಲ್ಲಿರುವಳು. ಹನ್ನೆರಡು ವರ್ಷದ ಮೊಮ್ಮಗಳು, ಎಂಟು ವರ್ಷದ ಮೊಮ್ಮಗ. ವರ್ಷಕ್ಕೊಮ್ಮೆ ದಸರೆಯ ರಜೆಯಲ್ಲಿ ಅವರು ತಾಳಗುಪ್ಪದ ರೈಲನ್ನು ಹಿಡಿದು ಸಾಗರದಲ್ಲಿ ಇಳಿದು ಮನೆಗೆ ಬರುವರು. ಕುಂಬಳಕಾಯಿ ಕೊಯ್ಯುವ ಸಂಭ್ರಮವನ್ನು ಅಜ್ಜಿಯು ಅವರು ಬರುವ ತನಕ ತಡೆದಿಡುವಳು.

ಬೀಜ ಊರುವುದು ಮೊದಲ ಮಳೆಗೆ. ಕೊಟ್ಟಿಗೆಯ ಹಿಂದೆ ಗುಣಿ ತೋಡಿ, ಹಳೆಯ ಗೊಬ್ಬರವನ್ನೂ ಸುಟ್ಟ ಮಣ್ಣನ್ನೂ ತುಂಬಿ, ಗುಣಿಗೆ ನಾಲ್ಕೈದು ಬೀಜ ಹಾಕುವುದು ಆಕೆಯ ಪದ್ಧತಿ. 2024ರ ಮಳೆಗಾಲವು ಮಲೆನಾಡಿನಲ್ಲಿ ಬಲವಾಗಿಯೇ ಸುರಿಯಿತು. ಬಳ್ಳಿಯನ್ನು ನೆಲದ ಮೇಲೆ ಬಿಟ್ಟರೆ ಕೊಳೆಯುವುದೆಂದು ತಿಳಿದು ಆಕೆ ಅದನ್ನು ಧರೆಯ ಇಳಿಜಾರಿಗೂ ಬೇಲಿಯ ಮೇಲಕ್ಕೂ ಹತ್ತಿಸಿದ್ದಳು. ಈ ಬಳ್ಳಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಹೆಣ್ಣುಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಮೊದಲೇ ಕುಳಿತಿರುವುದು. ಹೂ ಅರಳಿದ ಆ ಒಂದು ಬೆಳಗಿನಲ್ಲಿ ಗಂಡುಹೂವಿನ ಪರಾಗ ಅದಕ್ಕೆ ಸೇರದಿದ್ದರೆ ಹೀಚು ಹಳದಿಯಾಗಿ ಉದುರಿಹೋಗುವುದು. ಬಿಡದೆ ಮಳೆ ಹೊಯ್ಯುವ ದಿನಗಳಲ್ಲಿ ಜೇನುಹುಳುಗಳು ಗೂಡು ಬಿಟ್ಟು ಬರುವುದಿಲ್ಲ. ಅಂತಹ ಬೆಳಗುಗಳಲ್ಲಿ ಅಜ್ಜಿಯು ಗೊರಬು ಸೂಡಿಕೊಂಡು ಹಿತ್ತಿಲಿಗೆ ಹೋಗಿ, ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಿ ಬರುವಳು. ಸಸ್ಯಶಾಸ್ತ್ರವನ್ನು ಆಕೆ ಓದಿದವಳಲ್ಲ, ಅತ್ತೆಯಿಂದ ಕಲಿತವಳು.

ಮಕ್ಕಳು ಬಂದ ಮರುದಿನ ಬೆಳಗ್ಗೆಯೇ ಎಲ್ಲರೂ ಬುಟ್ಟಿ ಕತ್ತಿಗಳೊಡನೆ ಹಿತ್ತಿಲಿಗಿಳಿದರು. ಮೊದಲ ಕಾಯಿಯ ಮುಂದೆ ಕುಳಿತು ಮೊಮ್ಮಗಳು ಕೇಳಿದಳು: “ಅಜ್ಜೀ, ಇದು ಬಲಿತಿದೆಯೋ ಇಲ್ಲವೋ ಹೇಗೆ ತಿಳಿಯುವುದು?”

“ಉಗುರು ಊರಿ ನೋಡು ಮಗಾ. ಇಳಿದರೆ ಎಳೆಯದು, ಇಳಿಯದಿದ್ದರೆ ಬಲಿತದ್ದು. ಆಮೇಲೆ ತೊಟ್ಟು ನೋಡು. ಹಸಿರಾಗಿದ್ದರೆ ತಾಯಿ ಇನ್ನೂ ಹಾಲು ಕುಡಿಸುತ್ತಿದ್ದಾಳೆ ಎಂದು ತಿಳಿ. ಒಣಗಿ ಕಟ್ಟಿಗೆಯಂತಾಗಿದ್ದರೆ ಹಾಲು ಬಿಡಿಸಿದ್ದಾಳೆ, ಆಗ ಕೊಯ್ಯಬಹುದು.”

ತೊಟ್ಟನ್ನು ನಾಲ್ಕು ಬೆರಳಷ್ಟು ಉಳಿಸಿ ಕೊಯ್ಯಬೇಕು. ಅದನ್ನೇ ಹಿಡಿದು ಕಾಯಿಯನ್ನು ಎತ್ತಬಾರದು. ತೊಟ್ಟು ಕಳಚಿದಲ್ಲಿ ಕೊಳೆ ಒಳಸೇರುವುದು. ಕೊಯ್ದ ಕಾಯಿಯನ್ನು ಒಂದೆರಡು ವಾರ ಬೆಚ್ಚಗೆ, ಗಾಳಿಯಾಡುವಂತೆ ಇರಿಸಿದರೆ ಸಿಪ್ಪೆ ಗಟ್ಟಿಯಾಗುವುದು. ಈ ನಿಯಮಗಳನ್ನು ಅಜ್ಜಿಯು ಹೇಳುತ್ತ ಹೋದಂತೆ ಮೊಮ್ಮಗಳು ವಿಧೇಯಳಾಗಿ ಅನುಸರಿಸಿದಳು. ಮೊಮ್ಮಗನಾದರೋ ಒಂದು ಬೂದುಗುಂಬಳವನ್ನು ಹೆಗಲಿಗೇರಿಸಿ ಮನೆಯ ಕಡೆಗೆ ಓಡಿದನು. ಅಂಗಳದಲ್ಲಿ ಕುಳಿತಿದ್ದ ಯಜಮಾನರು ಅವನನ್ನು ನೋಡಿ, “ಕುಂಬಳಕಾಯಿ ಕಳ್ಳ!” ಎಂದರು. ಹುಡುಗನು ಕಾಯಿಯನ್ನು ಇಳಿಸಿ ಹೆಗಲನ್ನು ನೋಡಿಕೊಂಡನು. ನೀಲಿ ಅಂಗಿಯ ಮೇಲೆ ಬೆಳ್ಳಗೆ ಹುಡಿ ಹತ್ತಿದ್ದಿತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಗಾದೆಯು ಅಂದು ಅವನಿಗೆ ಅರ್ಥವಾಯಿತು.

ಒಟ್ಟು ಒಂಬತ್ತು ಚೀನಿಕಾಯಿ, ಐದು ಬೂದುಗುಂಬಳ. ಬೀಜಕ್ಕೆಂದು ಒಂದನ್ನು ಬಳ್ಳಿಯಲ್ಲಿಯೇ ಬಿಟ್ಟರು. ಹಿಂದಿನ ವರ್ಷದ ಬೂದುಗುಂಬಳಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ ತೂಗಹಾಕುತ್ತಿದ್ದ ಅಟ್ಟದ ತೊಲೆಗಳನ್ನು ಗುಡಿಸಿ ಸಿದ್ಧಪಡಿಸಲು ಅಜ್ಜಿಯು ಏಣಿಯನ್ನೇರಿದಳು. ಸೊಸೆಯು ಕೆಳಗೆ ಏಣಿಯನ್ನು ಹಿಡಿದು ನಿಂತಿದ್ದಳು. ಅಜ್ಜಿಯು ಕೈ ಮೇಲೆತ್ತಿದೊಡನೆ ಆಕೆಯ ಬಳೆಗಳು ಮಣಿಕಟ್ಟಿನಿಂದ ಸರಸರನೆ ಜಾರಿ ಮೊಣಕೈಗೆ ಬಂದು ನಿಂತವು. ಮದುವೆಯಾದ ಹೊಸತರಲ್ಲಿ, ಅತ್ತೆಯ ಕೈಗೆ ಬಳೆಗಾರನು ಸೋಪುನೀರು ಹಚ್ಚಿ ಬಳೆ ಏರಿಸಿದುದನ್ನು ಸೊಸೆಯು ಕಂಡಿದ್ದಳು. ಆಕೆ ಏನೂ ಮಾತನಾಡಲಿಲ್ಲ. ಅಟ್ಟದ ಮೂಲೆಯಲ್ಲಿ ಹಿಂದಿನ ವರ್ಷದ ಮೂರು ಚೀನಿಕಾಯಿಗಳು ಕುಸಿದು, ಒಣಗಿ, ಕಪ್ಪಾಗಿ ಬಿದ್ದಿದ್ದವು.

ಕಾರಣವನ್ನು ಅರಸಿಕೊಂಡು ಸೊಸೆಯು ದೂರ ಹೋಗಬೇಕಾಗಲಿಲ್ಲ. ಅಡುಗೆಯ ಮನೆಗೆ ಹೋದರೆ ಸಾಕಾಯಿತು. 2023ರ ಬೇಸಗೆಯಲ್ಲಿ ಯಜಮಾನರಿಗೆ ಮಧುಮೇಹವೆಂದು ವೈದ್ಯರು ತಿಳಿಸಿದ್ದರು. ಅಂದಿನಿಂದ ಅವರು ನಿಷ್ಠೆಯಿಂದ ಪಥ್ಯ ಮಾಡತೊಡಗಿದರು. ಬೆರಳಿಗೆ ಸೂಜಿ ಚುಚ್ಚಿ ರಕ್ತದ ಸಕ್ಕರೆಯನ್ನು ಅಳೆಯುವ ಪುಟ್ಟ ಯಂತ್ರವನ್ನು ಮಗನು ತಂದುಕೊಟ್ಟಿದ್ದನು. ಅದರಲ್ಲಿ ಬಂದ ಅಂಕಿಯನ್ನು ಅವರು ಅಡಿಕೆಯ ಲೆಕ್ಕ ಬರೆಯುವಷ್ಟೇ ಅಚ್ಚುಕಟ್ಟಾಗಿ ಪುಸ್ತಕದಲ್ಲಿ ಬರೆದಿಡುವರು. ಸಿಹಿಯೆಂಬ ಹೆಸರು ಹೊತ್ತುದನ್ನೆಲ್ಲ ಬಿಟ್ಟರು. ಅದರೊಡನೆ ಚೀನಿಕಾಯಿಯನ್ನೂ ಬಿಟ್ಟರು. ಅಜ್ಜಿಯು ಅವರಿಗೆಂದು ಹೊತ್ತುಹೊತ್ತಿಗೆ ಎರಡು ಚಪಾತಿ, ಹಾಗಲಕಾಯಿಯ ಪಲ್ಯ ಮಾಡಿಕೊಡುವಳು. ತನಗೆ? ಒಂದು ಬಟ್ಟಲು ಗಂಜಿ, ಭರಣಿಯಿಂದ ತೆಗೆದ ಒಂದು ಅಪ್ಪೆಮಿಡಿ. ಬೆಳಗಿಗೂ ಅದೇ, ರಾತ್ರಿಗೂ ಅದೇ.

“ಅತ್ತೇ, ನೀವೇಕೆ ಚೀನಿಕಾಯಿ ಮಾಡಿಕೊಂಡು ತಿನ್ನಲಿಲ್ಲ? ಪಥ್ಯ ಮಾವನಿಗಲ್ಲವೆ?” ಎಂದು ಸೊಸೆಯು ಕೇಳಿದಳು.

“ನನ್ನೊಬ್ಬಳಿಗಾಗಿ ಅಷ್ಟು ದೊಡ್ಡ ಕಾಯಿ ಒಡೆಯುವುದೆ? ಒಂದು ಹೋಳು ತಿನ್ನುವಷ್ಟರಲ್ಲಿ ಉಳಿದದ್ದು ಹಾಳಾಗುತ್ತದೆ,” ಎಂದು ಅಜ್ಜಿಯು ನಕ್ಕಳು. ತುಸು ತಡೆದು, “ಅವರು ಎದುರಿಗೆ ಕೂತು ಹಾಗಲಕಾಯಿ ತಿನ್ನುವಾಗ ನಾನು ಕಡುಬು ತಿನ್ನುವುದು ಚೆನ್ನಾಗಿರುತ್ತದೆಯೇ ಮಾರಾಯ್ತಿ?” ಎಂದಳು.

ಇದು ಆ ಒಂದು ಮನೆಯ ಕಥೆ ಮಾತ್ರವಲ್ಲ. ಮಕ್ಕಳು ದೂರವಾದ ಮನೆಗಳಲ್ಲಿ ಮುದುಕಿಯರು ಹೀಗೆಯೇ ಉಣ್ಣುವರು. ಒಬ್ಬಳಿಗಾಗಿ ಒಲೆ ಹಚ್ಚುವುದು ದುಂದು, ಒಬ್ಬಳಿಗಾಗಿ ಒಗ್ಗರಣೆ ಹಾಕುವುದು ಚಪಲ ಎಂಬ ಭಾವನೆ ಅವರ ಮನಸ್ಸಿನಲ್ಲಿ ಬೇರೂರಿದೆ. ಐವತ್ತು ವರ್ಷ ಊರಿಗೆಲ್ಲ ಬಡಿಸಿದ ಕೈ ತನಗೆ ಬಡಿಸಿಕೊಳ್ಳಲು ನಾಚುವುದು. ಯಜಮಾನರ ರಕ್ತದ ಸಕ್ಕರೆಗೆ ಪುಸ್ತಕವಿದ್ದಿತು; ಅಜ್ಜಿಯ ಹಸಿವಿಗೆ ಪುಸ್ತಕವಿರಲಿಲ್ಲ.

ಸೊಸೆಯು ಜಾಣೆ. ಉಪದೇಶಕ್ಕೆ ತೊಡಗದೆ ಮಾವನವರೊಡನೆ ಲೆಕ್ಕಕ್ಕೆ ಕುಳಿತಳು. ಅವರು ಲೆಕ್ಕಕ್ಕೆ ಒಲಿಯುವವರೆಂಬುದು ಆಕೆಗೆ ಗೊತ್ತಿದ್ದಿತು. 100 ಗ್ರಾಂ ಹಸಿ ಸಿಹಿಗುಂಬಳದ ತಿರುಳಿನಲ್ಲಿ 90 ಗ್ರಾಮಿಗೂ ಹೆಚ್ಚು ನೀರೇ ಇರುವುದು. ಪಿಷ್ಟ ಸಕ್ಕರೆಗಳೆಲ್ಲ ಕೂಡಿ ಆರೇಳು ಗ್ರಾಂ. ಅಷ್ಟೇ ತೂಕದ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ. ಕುಂಬಳದಲ್ಲಿರುವ ಸಕ್ಕರೆಯು ರಕ್ತಕ್ಕೆ ಬೇಗ ಸೇರುವುದೆಂಬ ಮಾತು ಸುಳ್ಳಲ್ಲ. ಆದರೆ ಇರುವುದೇ ಸ್ವಲ್ಪವಾದುದರಿಂದ ಮಿತವಾಗಿ ತಿಂದರೆ ಅದರ ಭಾರವೂ ಸ್ವಲ್ಪವೇ. ಎಲೆಯಲ್ಲಿ ಅನ್ನದ ರಾಶಿಯನ್ನು ಅರ್ಧ ಮಾಡಿ, ಆ ಜಾಗದಲ್ಲಿ ಕುಂಬಳದ ಪಲ್ಯವನ್ನೋ ಹುಳಿಯ ಹೋಳುಗಳನ್ನೋ ಬಡಿಸಿಕೊಂಡರೆ ಲಾಭವೇ ಹೊರತು ನಷ್ಟವಿಲ್ಲ. ದ್ರೋಹಿಯಿದ್ದರೆ ಅದು ಕುಂಬಳದೊಡನೆ ಸೇರುವ ಬೆಲ್ಲ, ಎಣ್ಣೆಯಲ್ಲಿ ಕರಿದ ಹಿಟ್ಟು. ಹಾಗೆಂದು ಕುಂಬಳಕಾಯಿಯು ಮಧುಮೇಹಕ್ಕೆ ಔಷಧವೆಂದು ತಿಳಿಯತಕ್ಕುದಲ್ಲ. ಅದು ಆಹಾರ, ಅಷ್ಟೆ. ಯಜಮಾನರಿಗೆ ಔಷಧ ಕೊಡುತ್ತಿದ್ದ ವೈದ್ಯರನ್ನೂ ಫೋನಿನಲ್ಲಿ ವಿಚಾರಿಸಿದರು, ಅವರೂ ಒಪ್ಪಿದರು. ಮೂತ್ರಪಿಂಡದ ರೋಗವಿರುವವರು ಮಾತ್ರ ಇದರಲ್ಲಿರುವ ಪೊಟ್ಯಾಸಿಯಂ ಉಪ್ಪಿನ ದೆಸೆಯಿಂದ ವೈದ್ಯರನ್ನು ಕೇಳಿಯೇ ತಿನ್ನಬೇಕು.

ದುರ್ಗಾಷ್ಟಮಿಯಂದು ಒಂದು ಚೀನಿಕಾಯಿಯನ್ನು ಅಂಗಳಕ್ಕೆ ತಂದರು. ಇಡೀ ಕುಂಬಳವನ್ನು ಹೆಂಗಸರು ಒಡೆಯಬಾರದು, ಮೊದಲ ಏಟು ಗಂಡಸಿನದಾಗಬೇಕು ಎಂಬುದು ಅನೇಕ ಮನೆಗಳ ನಡವಳಿ. ಮಗನು ಪೇಟೆಗೆ ಹೋಗಿದ್ದನು. ಯಜಮಾನರ ಕೈ ನಡುಗುವುದು. ಹಿಂದಿನ ವರ್ಷ ಕಾಯಿಗಳು ಅಟ್ಟದಲ್ಲಿಯೇ ಉಳಿದುದಕ್ಕೆ ಇದೂ ಒಂದು ಕಾರಣವೆಂದು ಆಗ ತಿಳಿಯಿತು. ಯಜಮಾನರು ಎಲ್ಲರ ಮುಖವನ್ನೂ ನೋಡಿ, ಕತ್ತಿಯನ್ನು ಮೊಮ್ಮಗಳ ಕೈಗೆ ಕೊಟ್ಟರು. “ಇದು ಸಮುದ್ರದಾಚೆಯಿಂದ ಬಂದ ಕಾಯಿ. ಇದರ ವಿಷಯದಲ್ಲಿ ಶಾಸ್ತ್ರಕಾರರು ಏನೂ ಹೇಳಿಲ್ಲ, ಹೊಡಿ,” ಎಂದರು. ಹುಡುಗಿಯು ಹೊಡೆದಳು. ಹೊಂಬಣ್ಣದ ಎರಡು ಹೋಳುಗಳು ಅಂಗಳದಲ್ಲಿ ಬಿಚ್ಚಿಕೊಂಡವು.

ಅಜ್ಜಿಯು ಮೊದಲು ಒಂದು ಚೂರನ್ನು ನಾಲಗೆಗಿಟ್ಟು ನೋಡಿದಳು. ಇದು ಬರಿಯ ಆಚಾರವಲ್ಲ. ಕುಂಬಳ, ಸೋರೆ, ಸೌತೆಗಳ ಜಾತಿಯಲ್ಲಿ ಒಮ್ಮೊಮ್ಮೆ ಕಹಿಯಾದ ಕಾಯಿ ಬರುವುದು. ಆ ಕಹಿಯು ವಿಷಕಾರಿಯಾದುದು, ಬೇಯಿಸಿದರೂ ಹೋಗದು. ಅಂತಹುದನ್ನು ಮರುಕಪಡದೆ ಎಸೆಯಬೇಕು.

ಅನಂತರ ಅಜ್ಜಿಯು ಮೆಟ್ಟುಗತ್ತಿಯ ಮುಂದೆ ಕುಳಿತಳು. ಕುಂಬಳವನ್ನು ಬಳಸುವ ವಿದ್ಯೆಯು ಸೊಸೆಗೂ ಮೊಮ್ಮಗಳಿಗೂ ಪಾಠವಾಯಿತು. ಈ ಕಾಯಿಯಲ್ಲಿ ಎಸೆಯತಕ್ಕುದು ಹೆಚ್ಚೇನೂ ಇಲ್ಲ. ತಿರುಳಿನಿಂದ ಪಲ್ಯ, ಹುಳಿ. ಬೇಯಿಸಿ ತೆಂಗಿನಕಾಯಿ ಸಾಸಿವೆಗಳನ್ನು ಅರೆದು ಮೊಸರಿನಲ್ಲಿ ಕಲಸಿದರೆ ಸಾಸಿವೆ. ಸಿಪ್ಪೆಯನ್ನು ಹುರಿದು ಉದ್ದಿನಬೇಳೆ, ಒಣಮೆಣಸು, ಹುಣಿಸೆಹಣ್ಣುಗಳೊಡನೆ ಅರೆದರೆ ಚಟ್ನಿ. ಬೀಜವನ್ನು ತೊಳೆದು ಒಣಗಿಸಿ ಹುರಿದರೆ ಮಕ್ಕಳ ಬಾಯಿಗೆ ಬೇರೆ ತಿಂಡಿ ಬೇಡ. ಸಿಪ್ಪೆ ತೆಗೆದ ಬೀಜದ 100 ಗ್ರಾಮಿನಲ್ಲಿ ಸುಮಾರು 30 ಗ್ರಾಂ ಸಸಾರಜನಕವೇ ಇರುವುದು. ಎಳೆಯ ಕುಡಿಯೂ ಗಂಡುಹೂವೂ ಮಳೆಗಾಲದ ಪಲ್ಯಕ್ಕೆ ಸಲ್ಲುವುವು. ಬೂದುಗುಂಬಳದ ಬಳಕೆ ಇನ್ನೊಂದು ಬಗೆ: ಮಜ್ಜಿಗೆಹುಳಿ, ದೋಸೆ, ಬೇಸಗೆಯ ಬಿಸಿಲಿಗೆ ಸಂಡಿಗೆ. ಅದರಲ್ಲಿ ನೂರಕ್ಕೆ 96 ಪಾಲು ನೀರು. ಹೊಟ್ಟೆ ತುಂಬುವುದು, ಮೈ ಬೆಳೆಯದು. ಕಾಶಿ ಹಲ್ವವೂ ಅದರದೇ. ಆದರೆ ಅಲ್ಲಿ ಕುಂಬಳವು ಹೆಸರಿಗೆ ಮಾತ್ರ, ಆಡಳಿತವೆಲ್ಲ ಸಕ್ಕರೆ ತುಪ್ಪಗಳದು.

ಒಗ್ಗರಣೆಯ ವಿಷಯದಲ್ಲಿ ಅಜ್ಜಿಗೂ ವಿಜ್ಞಾನಕ್ಕೂ ಒಮ್ಮತವಿದ್ದಿತು. ಸಿಹಿಗುಂಬಳದ ಹೊಂಬಣ್ಣಕ್ಕೆ ಕಾರಣವಾದ ವಸ್ತುವನ್ನು ದೇಹವು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದು. ಆ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುವುದು. ಭಾರತ ಸರಕಾರವು ಮಕ್ಕಳಿಗೆ ಅದನ್ನು ಹನಿಯ ರೂಪದಲ್ಲಿ ಕೊಡುವ ಯೋಜನೆಯನ್ನು 1970ರಲ್ಲಿ ಆರಂಭಿಸಿದುದು ಇದೇ ಕಾರಣದಿಂದ. ಕಾಯಿಯನ್ನು ಬೇಯಿಸಿದಾಗ, ಅದರೊಡನೆ ತುಸು ಜಿಡ್ಡು ಸೇರಿದಾಗ ಆ ವಸ್ತುವು ಮೈಗೆ ಚೆನ್ನಾಗಿ ಹತ್ತುವುದು. ಒಂದು ಚಮಚ ಕೊಬ್ಬರಿಯೆಣ್ಣೆಯ ಒಗ್ಗರಣೆ, ಮೇಲೆ ಒಂದು ಹಿಡಿ ತೆಂಗಿನ ತುರಿ: ರುಚಿಗೆಂದು ಹಿಂದಿನವರು ಮಾಡಿದುದು ಹಿತಕ್ಕೂ ಆಯಿತು.

ಅಂದು ಯಜಮಾನರು ಒಂದೂವರೆ ವರ್ಷದ ಮೇಲೆ ಕುಂಬಳದ ಪಲ್ಯ ಉಂಡರು. ಎರಡು ಗಂಟೆಯ ತರುವಾಯ ಬೆರಳು ಚುಚ್ಚಿ ನೋಡಿದರು. ಅಂಕಿಯು ಎಂದಿನದಕ್ಕಿಂತ ಮೇಲೇರಿರಲಿಲ್ಲ. ಪುಸ್ತಕದಲ್ಲಿ ಬರೆದರು. ಬರೆದು, ಲೇಖನಿಯನ್ನು ಹಿಡಿದುಕೊಂಡೇ ಅಡುಗೆಯ ಮನೆಯ ಕಡೆಗೆ ನೋಡಿದರು. ಅಲ್ಲಿ ಅಜ್ಜಿಯು ಎಲ್ಲರದೂ ಆದಮೇಲೆ ಎಲೆಯ ಮುಂದೆ ಕುಳಿತಿದ್ದಳು. ಪಲ್ಯವನ್ನು ಎರಡನೆಯ ಬಾರಿ ಬಡಿಸಿಕೊಳ್ಳುತ್ತಿದ್ದಳು. ಜಾರಿದ ಬಳೆಗಳನ್ನು ಎಡಗೈಯಿಂದ ತಡೆದು ಹಿಡಿದಿದ್ದಳು. ಯಜಮಾನರು ಅದನ್ನು ಕಂಡುದು ಅಂದೇ ಮೊದಲು. ಹದಿನೆಂಟು ತಿಂಗಳು ಎದುರಿಗೆ ಕುಳಿತು ಉಂಡವರು, ತಮ್ಮ ಪಥ್ಯದ ಗದ್ದಲದಲ್ಲಿ ಆ ಕೈಯನ್ನು ನೋಡಿರಲಿಲ್ಲ.

ಅವರು ಮಾತಿಗೆ ಬಡವರು. ಪುಸ್ತಕದ ಹಾಳೆಯ ನಡುವೆ ಮೇಲಿಂದ ಕೆಳಗೆ ಒಂದು ಗೀಟು ಎಳೆದರು. ಬಲಗಡೆಯ ಖಾಲಿ ಜಾಗದ ಮೇಲೆ ಪತ್ನಿಯ ಹೆಸರನ್ನು ಬರೆದು, ಅದರ ಕೆಳಗೆ, ‘ಮಧ್ಯಾಹ್ನ: ಅನ್ನ, ಚೀನಿಕಾಯಿ ಪಲ್ಯ ಎರಡು ಸಲ, ಮಜ್ಜಿಗೆ’ ಎಂದು ದಾಖಲೆ ಮಾಡಿದರು.

ಸೊಸೆಯು ಅತ್ತೆಯನ್ನು ಸಾಗರಕ್ಕೆ ಕರೆದೊಯ್ದು ಪರೀಕ್ಷೆ ಮಾಡಿಸಿದಳು. ರಕ್ತ ಕಡಿಮೆಯಾಗಿದೆಯೆಂದು ತಿಳಿಯಿತು. ಇದಕ್ಕೆ ಕುಂಬಳಕಾಯಿಯೊಂದೇ ಸಾಲದು. ಕಬ್ಬಿಣದ ಅಂಶದ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರು. ಬೇಳೆ, ಸೊಪ್ಪು, ಮೊಸರು, ತರಕಾರಿಗಳು ದಿನವೂ ಎಲೆಗೆ ಬೀಳಬೇಕೆಂದರು. ಆದರೆ ದಿನವೂ ಎಲೆಗೆ ಬೀಳಬೇಕಾದರೆ ದಿನವೂ ಒಲೆ ಹಚ್ಚುವ ಮನಸ್ಸು ಬೇಕು. ಆರು ಕಿಲೋ ತೂಗುವ ಕಾಯಿಯನ್ನು ಇಬ್ಬರೇ ಹೇಗೆ ಮುಗಿಸುವುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದ್ದಿತು.

ಆ ಪ್ರಶ್ನೆಗೆ ಉತ್ತರ ದೊರೆತುದು ಭೂಮಿ ಹುಣ್ಣಿಮೆಯ ದಿನ. ಅಂದು ಮಲೆನಾಡಿನ ರೈತರು ತೆನೆ ಕಟ್ಟುತ್ತಿರುವ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆ ಮಾಡಿ ಉಣಬಡಿಸುವರು. ಮನೆಯಲ್ಲಿ ಚೀನಿಕಾಯಿಯ ಕಡುಬು ಮಾಡಿದರು. ತುರಿದ ಕಾಯಿಗೆ ಅಕ್ಕಿತರಿ ಸೇರಿಸಿ, ಬೆಲ್ಲವನ್ನು ಎಂದಿನ ಅರ್ಧಕ್ಕೆ ಇಳಿಸಿ, ಬಾಳೆಯೆಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸಿದರು. ಯಜಮಾನರಿಗೆ ಅರ್ಧ ಕಡುಬು. ಅದಕ್ಕೆ ತಕ್ಕಂತೆ ಅನ್ನವನ್ನು ಬಿಟ್ಟರು. ನೆರೆಯ ಮನೆಗೆ ಕಡುಬು ಕೊಡಲು ಹೋದ ಮೊಮ್ಮಗಳು ಹಿಂದಿರುಗಿ ಬಂದು, “ಅಜ್ಜೀ, ಅವರ ಮನೆಯಲ್ಲಿಯೂ ಅಟ್ಟದ ತುಂಬ ಕಾಯಿ ಇದೆ. ಆ ಅಜ್ಜಿಯೂ ಒಡೆಯುವುದಿಲ್ಲವಂತೆ!” ಎಂದಳು.

ಅಜ್ಜಿಯು ಒಂದು ಗಳಿಗೆ ಸುಮ್ಮನಿದ್ದಳು. ಸಂಜೆ ತಾನೇ ಎದ್ದು ನೆರೆಮನೆಗೆ ಹೋದಳು. ಮೇಲಣ ಮನೆಯಲ್ಲಿ ಒಬ್ಬಳೇ ಇರುವ ವಿಧವೆಯ ಬಳಿಗೂ, ಕೆಳಗಣ ಕೇರಿಯಲ್ಲಿ ತೋಟದ ಕೆಲಸದವರ ಮನೆಗೂ ಹೋಗಿ ಬಂದಳು. ಅಂದಿನಿಂದ ನಾಲ್ಕು ಮನೆಗಳಿಗೆ ಒಂದು ಕ್ರಮವೇರ್ಪಟ್ಟಿತು. ವಾರಕ್ಕೊಂದು ಮನೆಯವರು ಒಂದು ಕಾಯಿಯನ್ನು ಒಡೆಯುವುದು, ನಾಲ್ಕು ಹೋಳು ಮಾಡುವುದು, ಮೂರನ್ನು ಕಳುಹಿಸುವುದು. ಅಟ್ಟದಲ್ಲಿ ಹೋಳು ಉಳಿಯದು, ಎಲೆಯಲ್ಲಿ ಪಲ್ಯ ತಪ್ಪದು. ಹಿಂದೆ ಒಂದೇ ಮನೆಯಲ್ಲಿ ಹದಿನಾಲ್ಕು ಎಲೆ ಬೀಳುತ್ತಿದ್ದವು. ಈಗ ನಾಲ್ಕು ಮನೆಗಳನ್ನು ಕೂಡಿಸಿದರೆ ಒಂಬತ್ತು ಎಲೆ. ಒಂದು ಕುಂಬಳಕ್ಕೆ ಅಷ್ಟು ಸಾಕು.

ರಜೆ ಮುಗಿದು ಮಕ್ಕಳು ಬೆಂಗಳೂರಿಗೆ ಹೊರಟರು. ಸೊಸೆಯು ಹೋಗುವಾಗ ಹೆಚ್ಚೇನೂ ಹೇಳಲಿಲ್ಲ. ಮೊಮ್ಮಗಳು ಮಾತ್ರ ದಿನವೂ ಸಂಜೆ ಫೋನು ಮಾಡಿ, “ಅಜ್ಜೀ, ಇವತ್ತು ಏನು ಅಡುಗೆ?” ಎಂದು ಕೇಳುವಳು. ಅಜ್ಜಿಯು ಮರೆತರೆ ಯಜಮಾನರು ಪುಸ್ತಕ ನೋಡಿ ಓದಿ ಹೇಳುವರು.

ದೀಪಾವಳಿಗೆ ಮಗನೊಬ್ಬನೇ ಬಂದು ಎರಡು ದಿನವಿದ್ದು ಹೋದನು. ಆತನು ಹೊರಡುವ ಬೆಳಗ್ಗೆ ಅಜ್ಜಿಯು ಬೆಂಗಳೂರಿಗೆ ಕಳುಹಿಸಲೆಂದು ಅಟ್ಟದಿಂದ ಒಂದು ಬೂದುಗುಂಬಳವನ್ನು ಇಳಿಸಲು ಕೈ ಎತ್ತಿದಳು. ಸೊಸೆಯು ಹೇಳಿಕಳುಹಿಸಿದ್ದುದರಿಂದ ಮಗನು ಕಾಯಿಯನ್ನು ಬಿಟ್ಟು ಬಳೆಗಳನ್ನು ನೋಡಿದನು. ಅವು ಇನ್ನೂ ಮಣಿಕಟ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಮೊಣಕೈಯವರೆಗೂ ಹೋಗಲಿಲ್ಲ, ನಡುವೆಯೇ ತಡೆದು ನಿಂತವು. ಅಟ್ಟದ ಮೇಲೆ ಚೀನಿಕಾಯಿ ಐದೇ ಉಳಿದಿದ್ದವು.